ಸಂತೆಯ ತಕ್ಕಡಿ ಸಾಹುಕಾರನ ಪಾಲಾದರೆ

ಕಳೆದ ವಾರ ನಮ್ಮ ಕಛೇರಿಗೆ ಬಂದಿದ್ದ ಗಿರಣಿಯ ಹಿರಿಯ ಸಂಗಾತಿಯೊಬ್ಬರು ನೇರವಾಗಿಯೇ ಕೇಳಿದರು: "ಅಲ್ರೀ, ಬೋನಸ್ಸಿನ ಮಾತು, ಇ.ಎಸ್.ಐ. ಆಸ್ಪತ್ರೆಯ ಮಾತು ಬರೆಯೋದು ಬಿಟ್ಟು, ಇಂಗ್ಲೆಂಡಿನ ಯಾವುದೋ ಚಿಪ್ ಕಂಪೆನಿ ಯಾರ ಪಾಲಾಯಿತು ಅಂತ ಬರೆಯೋಕೆ ಹೊರಟಿದ್ದೀರಲ್ಲ, ನಮಗೇನು ಬಂತು ಅದರಿಂದ?" ಪಕ್ಕದಲ್ಲಿ ಕುಳಿತಿದ್ದ ಕಿರಾಣಿ ಅಂಗಡಿಯ ಮಿತ್ರರೂ ಹೌದೆಂದು ತಲೆಯಾಡಿಸಿದರು.

ಪ್ರಶ್ನೆ ನ್ಯಾಯವಾದದ್ದು. ಆದರೆ ಆ ಮಾತು ಮುಗಿಯುವ ಮೊದಲೇ ಸಂಗಾತಿಯ ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. ಅಂಗಡಿಯ ಮಿತ್ರರ ಗಲ್ಲದ ಮೇಲೆ, ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆಯಿದೆ. ಜಗತ್ತಿನಲ್ಲಿ ಇಂದು ಮಾರಾಟವಾಗುವ ಇಂಥ ನೂರು ಫೋನುಗಳಲ್ಲಿ ತೊಂಬತ್ತೊಂಬತ್ತರ ಮಿದುಳು, ನಾವು ಹೇಳಹೊರಟಿರುವ ಆ ಒಂದೇ ಕಂಪೆನಿಯ ವಿನ್ಯಾಸದಿಂದ ಹುಟ್ಟಿದ್ದು. ಕಂಪೆನಿಯ ಹೆಸರು ಆರ್ಮ್. ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ್ದು. 2023ರ ಹೊತ್ತಿಗೆ ಅದರ ವಿನ್ಯಾಸವನ್ನು ಹೊತ್ತ 25,000 ಕೋಟಿಗೂ ಹೆಚ್ಚು ಚಿಪ್‌ಗಳು ಜಗತ್ತಿನಲ್ಲಿ ಹರಡಿದ್ದವು. ಭೂಮಿಯ ಮೇಲಿನ ಮನುಷ್ಯರ ತಲೆಗೆ ಮೂವತ್ತರಂತೆ ಹಂಚಿದರೂ ಮುಗಿಯದಷ್ಟು! ಇಷ್ಟು ದೊಡ್ಡ ವಸ್ತುವಿನ ಯಜಮಾನ ಯಾರು ಎಂಬುದು ಯಜಮಾನರಿಗೆ ಮಾತ್ರ ಸೇರಿದ ಮಾತೇ? ಅಲ್ಲ ಎಂಬುದೇ ಈ ಲೇಖನದ ವಾದ.

ಮಗ್ಗವಿಲ್ಲದ ನೇಕಾರ

ಈ ಕಂಪೆನಿಯ ಕಸುಬು ಎಂಥದೆಂದು ಮೊದಲು ತಿಳಿಯಬೇಕು. ಜಕಾರ್ಡ್ ಮಗ್ಗವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಸೀರೆ ನೇಯುವವನು ಬೇರೆ, ಹೂಬಳ್ಳಿಯ ನಮೂನೆಯನ್ನು ತೂತುಗಳಾಗಿ ರಟ್ಟಿನ ಮೇಲೆ ಕೊರೆದುಕೊಡುವವನು ಬೇರೆ. ಆರ್ಮ್ ಎಂಬುದು ರಟ್ಟು ಕೊರೆದುಕೊಡುವವನ ಅಂಗಡಿ. ಹುಟ್ಟಿದಂದಿನಿಂದ ಮೂವತ್ತು ವರ್ಷಕ್ಕೂ ಮೀರಿ ಅದು ತನ್ನದೆಂಬ ಒಂದು ಚಿಪ್ಪನ್ನೂ ಪೇಟೆಗೆ ಇಳಿಸಲಿಲ್ಲ. ನಮೂನೆ ಮಾಡಿತು. ಆಪಲ್, ಸ್ಯಾಮ್‌ಸಂಗ್, ಕ್ವಾಲ್‌ಕಾಂ ಮುಂತಾದ ನೂರಾರು ಕಂಪೆನಿಗಳಿಗೆ ಲೈಸೆನ್ಸು ಕೊಟ್ಟಿತು. ಮೊದಲು ಲೈಸೆನ್ಸಿನ ಹಣ, ಆಮೇಲೆ ಮಾರಿದ ಒಂದೊಂದು ಚಿಪ್ಪಿಗೂ ರಾಯಲ್ಟಿ. ಮರಳಿನ ಲಾರಿಗೆ ರಾಯಲ್ಟಿ ಕಟ್ಟಿಸುವುದನ್ನು ನಾವು ಕಂಡಿದ್ದೇವೆ. ಚಿಪ್ಪಿನ ಮೂಲವೂ ಮರಳೇ ಎಂಬುದು ಸೋಜಿಗದ ಮಾತು.

ಆ ಅಂಗಡಿ ಇಷ್ಟು ಬೆಳೆದದ್ದು ಹೇಗೆ? ಜಾಣ್ಮೆಯ ನಮೂನೆಗಳಿಂದ ಎಂಬುದು ಅರ್ಧ ಉತ್ತರ. ಇನ್ನರ್ಧ ಉತ್ತರ, ಅದು ಯಾರ ಪಕ್ಷವನ್ನೂ ವಹಿಸಲಿಲ್ಲ ಎಂಬುದು. ತನ್ನ ಗಿರಾಕಿಯ ಎದುರು ತಾನೇ ಅಂಗಡಿ ಹಾಕಲಿಲ್ಲ. ಸಂತೆಯ ನಡುವೆ ನೇತುಹಾಕಿದ ತಕ್ಕಡಿಯಂತೆ ಅದು ಎಲ್ಲರಿಗೂ ಒಂದೇ ತೂಕ ತೂಗಿತು. ಒಬ್ಬರ ಮೇಲೊಬ್ಬರು ಹಲ್ಲು ಮಸೆಯುವ ಸಾಹುಕಾರರೆಲ್ಲ ಆ ತಕ್ಕಡಿಯನ್ನು ನಂಬಿದರು. ಆ ನಂಬಿಕೆಯೇ ಕಂಪೆನಿಯ ನಿಜವಾದ ಆಸ್ತಿ.

ಬೀಜ ಯಾರದು?

ಈ ಗಿಡ ಬಂಡವಾಳಗಾರನ ಹಿತ್ತಿಲಲ್ಲಿ ತಾನಾಗಿ ಮೊಳೆತದ್ದೂ ಅಲ್ಲ. 1978ರಲ್ಲಿ ಕೇಂಬ್ರಿಜ್‌ನಲ್ಲಿ ಏಕಾರ್ನ್ ಎಂಬ ಸಣ್ಣ ಕಂಪ್ಯೂಟರ್ ಕಂಪೆನಿ ಹುಟ್ಟಿತು. 1981ರಲ್ಲಿ ಅದಕ್ಕೆ ದೊಡ್ಡ ಕೆಲಸ ಕೊಟ್ಟದ್ದು ಬಿ.ಬಿ.ಸಿ., ಅಂದರೆ ಜನರ ಹಣದಿಂದ ನಡೆಯುವ ಸಾರ್ವಜನಿಕ ಸಂಸ್ಥೆ. ಜನಸಾಮಾನ್ಯರಿಗೆ ಕಂಪ್ಯೂಟರ್ ಕಲಿಸಬೇಕೆಂದು ಅದು ಹಮ್ಮಿಕೊಂಡ ಕಾರ್ಯಕ್ರಮಕ್ಕೆ ಏಕಾರ್ನ್ ಯಂತ್ರ ಮಾಡಿಕೊಟ್ಟಿತು. ಆ ಯಂತ್ರ ಇಂಗ್ಲೆಂಡಿನ ಶಾಲೆಶಾಲೆಗೂ ಹೋಯಿತು. ಆ ಬಲದ ಮೇಲೆಯೇ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬ ಇಬ್ಬರು ಸಣ್ಣದೊಂದು ತಂಡ ಕಟ್ಟಿಕೊಂಡು ಹೊಸ ಬಗೆಯ ಚಿಪ್ಪನ್ನು ರೂಪಿಸಿದರು. 1985ರ ಏಪ್ರಿಲ್‌ನಲ್ಲಿ ಅದು ಮೊದಲ ಬಾರಿಗೆ ಓಡಿತು. 1990ರಲ್ಲಿ ಏಕಾರ್ನ್, ಆಪಲ್, ವಿ.ಎಲ್.ಎಸ್.ಐ. ಎಂಬ ಮೂರು ಕಂಪೆನಿಗಳು ಕೂಡಿ ಆರ್ಮನ್ನು ಬೇರೆಯ ಕಂಪೆನಿಯಾಗಿ ಕಟ್ಟಿದವು. ಆಪಲ್ ಹಾಕಿದ ದುಡ್ಡು 15 ಲಕ್ಷ ಪೌಂಡು. ಹನ್ನೆರಡು ಜನ ಇಂಜಿನಿಯರುಗಳು ಹಳ್ಳಿಯೊಂದರ ಹಳೆಯ ಕಣಜದ ಕೊಟ್ಟಿಗೆಯಲ್ಲಿ ಕುಳಿತು ಕೆಲಸ ಆರಂಭಿಸಿದರು. 1998ರಲ್ಲಿ ಷೇರುಗಳು ಲಂಡನ್ನಿನ ಪೇಟೆಗೆ ಬಂದವು.

ಸಾರ್ವಜನಿಕ ಸಂಸ್ಥೆಯ ನೆರವು, ವಿಶ್ವವಿದ್ಯಾನಿಲಯದ ನೆರಳು, ದುಡಿಯುವವರ ಬುದ್ಧಿ: ಇವು ಮೂರೂ ಸೇರಿ ಬೆಳೆದದ್ದಿದು. ಆದರೆ ಮಾರುವ ಹಕ್ಕು ಮಾತ್ರ ಷೇರಿನ ಚೀಟಿ ಇಟ್ಟುಕೊಂಡವನದು!

ಸಮುದ್ರ ತೀರದ ಊಟ

2016ರ ಜೂನ್ 23ರಂದು ಇಂಗ್ಲೆಂಡಿನ ಜನ ಯೂರೋಪಿನ ಒಕ್ಕೂಟದಿಂದ ಹೊರಬರಲು ಮತ ಹಾಕಿದರು. ಪೌಂಡಿನ ಬೆಲೆ ಬಿತ್ತು. ಅಗ್ಗದ ಸಂತೆಗೆ ಗಿರಾಕಿ ಬರುವುದು ಸಹಜ. ಜಪಾನಿನ ಸಾಫ್ಟ್‌ಬ್ಯಾಂಕ್ ಎಂಬ ಹೂಡಿಕೆಯ ಮನೆತನದ ಯಜಮಾನ ಮಾಸಯೋಶಿ ಸೋನ್ ಮಹಾಶಯರು ವಿಮಾನ ಹತ್ತಿದರು. ಆರ್ಮ್ ಕಂಪೆನಿಯ ಅಧ್ಯಕ್ಷರು ಆಗ ತುರ್ಕಿ ದೇಶದಲ್ಲಿ ವಿಹಾರನೌಕೆಯ ಮೇಲೆ ರಜೆಯಲ್ಲಿದ್ದರು. ಮಾರ್ಮರಿಸ್ ಎಂಬ ಬಂದರಿನ ಊಟದ ಮನೆಯಲ್ಲಿ ಮಾತುಕತೆ ನಡೆಯಿತು. ಜುಲೈ 18ರಂದು ಜಗತ್ತಿಗೆ ಸುದ್ದಿ ತಿಳಿಯಿತು: ಆರ್ಮ್ ಮಾರಾಟವಾಯಿತು, ಬೆಲೆ 2,400 ಕೋಟಿ ಪೌಂಡು! ಪೇಟೆಯ ಧಾರಣೆಗಿಂತ ಷೇರಿಗೆ ನೂರಕ್ಕೆ ನಲವತ್ತಮೂರು ಹೆಚ್ಚು ಕೊಟ್ಟಿದ್ದರು. ಯಾವ ಷೇರುದಾರ ಬೇಡವೆನ್ನುತ್ತಾನೆ?

ಸಾವಿರಾರು ಇಂಜಿನಿಯರುಗಳ ಬದುಕು, ನೂರಾರು ಕಂಪೆನಿಗಳ ನಂಬಿಕೆ, ಒಂದು ದೇಶದ ವಿದ್ಯೆಯ ಫಲ, ಎಲ್ಲವೂ ಒಂದು ಊಟದ ಮೇಜಿನ ಮೇಲೆ ಕೈಬದಲಾಯಿಸಿದವು. ದುಡಿಯುವವರಲ್ಲಿ ಒಬ್ಬನನ್ನಾದರೂ ಆ ಮೇಜಿಗೆ ಕರೆದಿದ್ದರೇ? ಇಂಗ್ಲೆಂಡಿನ ಹೊಸ ಹಣಕಾಸಿನ ಮಂತ್ರಿಗಳು ತಡೆಯುವುದಿರಲಿ, ನಮ್ಮ ದೇಶದ ಮೇಲೆ ಜಗತ್ತಿಗೆ ಎಷ್ಟು ವಿಶ್ವಾಸ ನೋಡಿ ಎಂದು ಹಿಗ್ಗಿದರು. ಮನೆಯ ಹಸು ಮಾರಾಟವಾದಾಗ, ಕೊಳ್ಳುವವನಿಗೆ ನಮ್ಮ ಹಸುವಿನ ಮೇಲೆ ಎಷ್ಟು ಪ್ರೀತಿ ಎಂದು ಹಿಗ್ಗಿದ ಯಜಮಾನನ ಕಥೆ ಇದು. ಏಕಾರ್ನ್ ಸ್ಥಾಪಕರಲ್ಲೊಬ್ಬರಾದ ಹರ್ಮನ್ ಹೌಸರ್ ಮಾತ್ರ, ಇದು ತಮಗೂ ಬ್ರಿಟನ್ನಿನ ತಂತ್ರವಿದ್ಯೆಗೂ ದುಃಖದ ದಿನವೆಂದು ಬಾಯಿ ಬಿಟ್ಟು ಹೇಳಿದರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಇಂಗ್ಲಿಷರ ಆಸ್ತಿ ಜಪಾನೀಯರ ಕೈಗೆ ಹೋಯಿತೆಂದು ಅಳುವುದು ನಮ್ಮ ಕೆಲಸವಲ್ಲ. ಬಂಡವಾಳಕ್ಕೆ ತಾಯ್ನಾಡಿಲ್ಲ, ಅದಕ್ಕೆ ಲಾಭವೇ ನಾಡು. ಯಜಮಾನನ ಚರ್ಮದ ಬಣ್ಣ ಮುಖ್ಯವಲ್ಲ. ಎಲ್ಲರಿಗೂ ಬೇಕಾದ ತಕ್ಕಡಿಯನ್ನು ಒಬ್ಬನ ಮನೆಯ ಮಾಡಿಗೆ ನೇತುಹಾಕಿದ್ದು ಸರಿಯೇ ಎಂಬುದಷ್ಟೇ ಪ್ರಶ್ನೆ.

ತಾರೀಖಿದ್ದ ಮಾತು

ಕೊಂಡವರು ಮಾತು ಕೊಟ್ಟರು. ಮುಖ್ಯ ಕಛೇರಿ ಕೇಂಬ್ರಿಜ್‌ನಲ್ಲೇ ಉಳಿಯುತ್ತದೆ, ಐದು ವರ್ಷಗಳಲ್ಲಿ ಬ್ರಿಟನ್ನಿನ ನೌಕರರ ಸಂಖ್ಯೆಯನ್ನು ಎರಡರಷ್ಟು ಮಾಡುತ್ತೇವೆ ಎಂದರು. ಇದು ಬರೀ ಬಾಯಿಮಾತಲ್ಲ, ಕಾನೂನಿಗೆ ಒಳಪಟ್ಟ ಮುಚ್ಚಳಿಕೆ.

ಸಾಹುಕಾರರು ಮುಚ್ಚಳಿಕೆ ಬರೆದುಕೊಡುವಷ್ಟು ಸಭ್ಯರಾದದ್ದು ಯಾವಾಗ? ಅದಕ್ಕೂ ಒಂದು ಕಥೆಯಿದೆ. 2010ರಲ್ಲಿ ಅಮೆರಿಕದ ಕ್ರಾಫ್ಟ್ ಕಂಪೆನಿ ಇಂಗ್ಲೆಂಡಿನ ಕ್ಯಾಡ್ಬರಿಯನ್ನು ಕೊಂಡಿತು. ಕೊಳ್ಳುವ ಮೊದಲು, ಮುಚ್ಚಬೇಕೆಂದಿದ್ದ ಬ್ರಿಸ್ಟಲ್ ಬಳಿಯ ಸಾಮರ್‌ಡೇಲ್ ಕಾರ್ಖಾನೆಯನ್ನು ಉಳಿಸುತ್ತೇವೆಂದು ಹೇಳಿತು. ಕೊಂಡ ಕೆಲವೇ ದಿನಗಳಲ್ಲಿ, ಇಲ್ಲ, ಮುಚ್ಚುತ್ತೇವೆ ಎಂದಿತು. ಕೆಲಸ ಪೋಲೆಂಡಿಗೆ ಹೋಯಿತು, ನೂರಾರು ಕುಟುಂಬಗಳು ಬೀದಿಗೆ ಬಿದ್ದವು. ಕಾರ್ಮಿಕರೂ ಜನರೂ ಬೊಬ್ಬೆಯಿಟ್ಟರು. ಕಂಪೆನಿಗಳ ಕ್ರಯವಿಕ್ರಯ ನೋಡಿಕೊಳ್ಳುವ ಮಂಡಲಿ ಕ್ರಾಫ್ಟನ್ನು ಬಹಿರಂಗವಾಗಿ ಖಂಡಿಸಿತು, ಮುಂದೆ ನಿಯಮಗಳನ್ನು ಬಿಗಿಮಾಡಿತು. ಅಂದರೆ ಆರ್ಮ್‌ನ ಇಂಜಿನಿಯರಿಗೆ ಮುಚ್ಚಳಿಕೆಯ ರಕ್ಷಣೆ ದೊರೆತದ್ದು ಚಾಕೊಲೇಟು ಕಾರ್ಖಾನೆಯ ಕಾರ್ಮಿಕನ ಕೂಗಿನಿಂದ. ಬಿಳಿ ಕಾಲರಿನವರು, ಖಾಕಿ ಅಂಗಿಯವರು ಎಂದು ನಮ್ಮನ್ನು ಬೇರೆಮಾಡುವವರು ಈ ಸತ್ಯವನ್ನು ನೆನಪಿಡಬೇಕು.

ಆದರೆ ಆ ಮುಚ್ಚಳಿಕೆಗೆ ತಾರೀಖಿತ್ತು. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಐದು ವರ್ಷ 2021ರ ಸೆಪ್ಟೆಂಬರಿಗೆ ಮುಗಿಯಿತು. 2022ರ ಮಾರ್ಚಿಯಲ್ಲಿ ಕಂಪೆನಿ ಪ್ರಕಟಣೆ ಹೊರಡಿಸಿತು: ನೂರಕ್ಕೆ ಹನ್ನೆರಡರಿಂದ ಹದಿನೈದು ನೌಕರರನ್ನು ತೆಗೆಯಲಾಗುವುದು. ಸುಮಾರು ಸಾವಿರ ಜನ, ಅವರಲ್ಲಿ ಹೆಚ್ಚಿನವರು ಬ್ರಿಟನ್ನು ಮತ್ತು ಅಮೆರಿಕದವರು. ಮುಚ್ಚಳಿಕೆಯ ಶಾಯಿ ಒಣಗಲು ಐದು ವರ್ಷ, ಮರೆಯಲು ಆರು ತಿಂಗಳು! ನಮ್ಮ ಗಿರಣಿಗಳಲ್ಲಿ ಒಪ್ಪಂದದ ಅವಧಿ ಮುಗಿದ ಮರುದಿನ ನೋಟೀಸು ಬೋರ್ಡಿನ ಮುಂದೆ ನಿಂತು ಓದಿದ ಅನುಭವವುಳ್ಳವರಿಗೆ ಇದರಲ್ಲಿ ಹೊಸತೇನೂ ಕಾಣದು.

ಯಜಮಾನನ ಜೂಜು, ಮನೆಯ ಹಸು

ಆ ಆರು ವರ್ಷಗಳಲ್ಲಿ ಇನ್ನೇನು ನಡೆಯಿತು? 2018ರಲ್ಲಿ ಆರ್ಮ್ ತನ್ನ ಚೀನಾ ಶಾಖೆಯ ನೂರಕ್ಕೆ ಐವತ್ತೊಂದು ಪಾಲನ್ನು 77.5 ಕೋಟಿ ಡಾಲರಿಗೆ ಅಲ್ಲಿನ ಹೂಡಿಕೆದಾರರಿಗೆ ಮಾರಿತು. 2020ರಲ್ಲಿ ಆ ಶಾಖೆಯ ಮುಖ್ಯಸ್ಥನನ್ನು ಆಡಳಿತ ಮಂಡಲಿ ತೆಗೆದುಹಾಕಿತು. ಆದರೆ ಆತ ಹೋಗಲಿಲ್ಲ. ಏಕೆಂದರೆ ಕಂಪೆನಿಯ ಮೊಹರು ಆತನ ಕೈಯಲ್ಲಿತ್ತು! ಆ ದೇಶದ ಕಾನೂನಿನಲ್ಲಿ ಮೊಹರು ಇದ್ದವನೇ ಕಂಪೆನಿ. ಮಂಡಲಿಯ ಠರಾವು ಒಂದು ಕಡೆ, ಮೊಹರು ಇನ್ನೊಂದು ಕಡೆ. ಸುಮಾರು ಎರಡು ವರ್ಷ ಈ ಪ್ರಹಸನ ನಡೆದು 2022ರ ಏಪ್ರಿಲಿನಲ್ಲಿ ಮುಗಿಯಿತು. ಪಾಲುದಾರಿಕೆಯ ವ್ಯಾಪಾರ ಮಾಡಿದ ನಮ್ಮ ಓದುಗರು ನಗಬಹುದು. ನಮ್ಮ ಪೇಟೆಯಲ್ಲಿ ಒಬ್ಬ ಸಣ್ಣ ವರ್ತಕ ಹೀಗೆ ಮಾಡಿಕೊಂಡರೆ ವ್ಯವಹಾರ ತಿಳಿಯದವನೆಂದು ಎಲ್ಲರೂ ಆಡಿಕೊಳ್ಳುತ್ತಾರೆ. ಸಾವಿರಾರು ಕೋಟಿಯ ಒಡೆಯ ಮಾಡಿಕೊಂಡರೆ ಅದಕ್ಕೆ ದೂರದೃಷ್ಟಿಯೆಂದು ಹೆಸರು.

ಅತ್ತ ಸೋನ್ ಮಹಾಶಯರು ಬೇರೆ ಕಡೆಗಳಲ್ಲಿ ಹೂಡಿದ ಹಣ ಕೈಕೊಟ್ಟಿತು. 2020ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಸಾಫ್ಟ್‌ಬ್ಯಾಂಕಿನ ವ್ಯವಹಾರದ ನಷ್ಟ 1.36 ಲಕ್ಷ ಕೋಟಿ ಯೆನ್. ಸಾಲ ತೀರಿಸಲು, ಷೇರಿನ ಬೆಲೆ ಎತ್ತಲು, ಆಸ್ತಿ ಮಾರಲು ಹೊರಟರು. ಕೇಂಬ್ರಿಜ್‌ನಲ್ಲಿ ಯಾರೂ ಕೆಟ್ಟ ಕೆಲಸ ಮಾಡಿರಲಿಲ್ಲ, ಯಾರೂ ಸೋಮಾರಿಗಳಾಗಿರಲಿಲ್ಲ. ಯಜಮಾನ ಬೇರೆ ಕಣದಲ್ಲಿ ಸೋತು ಬಂದ, ಕೊಟ್ಟಿಗೆಯ ಹಸುವಿನ ಹಗ್ಗ ಬಿಚ್ಚಿದ.

2020ರ ಸೆಪ್ಟೆಂಬರ್ 13ರಂದು ಅಮೆರಿಕದ ಎನ್‌ವಿಡಿಯಾ ಕಂಪೆನಿ 4,000 ಕೋಟಿ ಡಾಲರಿಗೆ ಆರ್ಮನ್ನು ಕೊಳ್ಳುವುದೆಂದು ಘೋಷಣೆಯಾಯಿತು. ಈ ಸಲದ ಗಂಡಾಂತರ ಮೊದಲಿನದಕ್ಕಿಂತ ದೊಡ್ಡದು. ಸಾಫ್ಟ್‌ಬ್ಯಾಂಕಿಗೆ ಹಣದ ವ್ಯಾಪಾರ, ಚಿಪ್ಪಿನ ವ್ಯಾಪಾರವಲ್ಲ. ಎನ್‌ವಿಡಿಯಾ ತಾನೇ ಚಿಪ್ ಮಾರುವ ವರ್ತಕ, ಆರ್ಮ್‌ನ ಗಿರಾಕಿಗಳಲ್ಲಿ ಒಬ್ಬ. ಸಂತೆಯ ಒಬ್ಬ ಮಂಡಿ ಸಾಹುಕಾರನೇ ಸಂತೆಯ ತಕ್ಕಡಿಯನ್ನು ಕೊಂಡುಕೊಂಡಂತಾಯಿತು. ಎದುರಾಳಿಗಳ ಚೀಲದ ತೂಕ, ಬೆಲೆ, ಮುಂದಿನ ವರ್ಷದ ಮಾಲು, ಎಲ್ಲವೂ ಅವನ ಕಣ್ಣಿಗೆ ಬೀಳುತ್ತವೆ. ನಾನು ಯಾರಿಗೂ ಮೋಸ ಮಾಡುವುದಿಲ್ಲವೆಂದು ಎನ್‌ವಿಡಿಯಾ ಮಾತು ಕೊಟ್ಟಿತು. ಮಾತಿನ ಬೆಲೆ ಏನೆಂದು ಮೇಲೆಯೇ ಕಂಡಿದ್ದೇವೆ.

ತಡೆದವರು ಯಾರು?

ಈ ಮಾರಾಟ ನಿಂತಿತು. ನಿಲ್ಲಿಸಿದವರು ಯಾರು ಎಂಬುದನ್ನು ಗಮನಿಸಬೇಕು. ಪೇಟೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂದು ಬೆಳಗಿನಿಂದ ಬೈಗಿನವರೆಗೆ ಜಪಿಸುವ ಪಂಡಿತರಿದ್ದಾರಲ್ಲ, ಅವರ ಪೇಟೆ ಏನನ್ನೂ ತಿದ್ದಲಿಲ್ಲ. ತಡೆದದ್ದು ಸಾರ್ವಜನಿಕ ಅಧಿಕಾರ. 2021ರ ಜನವರಿಯಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ತನಿಖೆ ಆರಂಭಿಸಿತು. ಏಪ್ರಿಲಿನಲ್ಲಿ ರಾಷ್ಟ್ರರಕ್ಷಣೆಯ ಕಾರಣದಿಂದ ಅಲ್ಲಿನ ಸರ್ಕಾರವೇ ನಡುವೆ ಬಂತು. ಅಕ್ಟೋಬರಿನಲ್ಲಿ ಯೂರೋಪಿನ ಆಯೋಗ ಆಳವಾದ ವಿಚಾರಣೆ ಕೈಗೊಂಡಿತು. ಡಿಸೆಂಬರ್ 2ರಂದು ಬಂಡವಾಳದ ತವರುಮನೆಯಾದ ಅಮೆರಿಕದ ವ್ಯಾಪಾರ ಆಯೋಗವೇ ದಾವೆ ಹೂಡಿತು. 2022ರ ಫೆಬ್ರವರಿ 8ರಂದು ಎರಡು ಕಡೆಯವರೂ ಕೈ ತೊಳೆದುಕೊಂಡರು.

ಎನ್‌ವಿಡಿಯಾ ಮುಂಗಡ ಕೊಟ್ಟಿದ್ದ 125 ಕೋಟಿ ಡಾಲರು ಏನಾಯಿತು? ಸಾಫ್ಟ್‌ಬ್ಯಾಂಕಿನಲ್ಲೇ ಉಳಿಯಿತು. ಮುರಿದ ಮದುವೆಯಲ್ಲೂ ವರದಕ್ಷಿಣೆ ಉಳಿಸಿಕೊಂಡ ಬೀಗರು! ಆ ಬಳಿಕ ಐದು ವಾರ ತುಂಬುವ ಮೊದಲೇ ಹೊರಬಿದ್ದದ್ದು ಸಾವಿರ ಜನರನ್ನು ತೆಗೆಯುವ ಆ ಪ್ರಕಟಣೆ. ಮದುವೆ ನಡೆಸಹೊರಟವರು ಹಿರಿಯರು, ಮುರಿದ ಮೇಲೆ ಊಟ ತಪ್ಪಿದ್ದು ಆಳುಗಳಿಗೆ.

ಬ್ರಿಟನ್ನಿನ ಸರ್ಕಾರ ರಾಷ್ಟ್ರದ ಹಿತಕ್ಕೆ ಮುಖ್ಯವಾದ ಕಂಪೆನಿಗಳ ಮಾರಾಟವನ್ನು ತಡೆಯಲು ಹೊಸ ಶಾಸನವನ್ನೂ ಮಾಡಿತು. ಅದು ಜಾರಿಗೆ ಬಂದದ್ದು 2022ರ ಜನವರಿ 4ರಂದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಇಂಗ್ಲಿಷರಿಗೂ ಒಪ್ಪುತ್ತದೆ. ಷೇರನ್ನು ಮತ್ತೆ ಪೇಟೆಗೆ ತರುವಾಗ ಲಂಡನ್ನಿಗೆ ತನ್ನಿ ಎಂದು ಪ್ರಧಾನಮಂತ್ರಿಗಳೇ ಬೇಡಿಕೊಂಡರು. ಕಂಪೆನಿ ಕೇಳಲಿಲ್ಲ. 2023ರ ಸೆಪ್ಟೆಂಬರ್ 14ರಂದು ಆರ್ಮ್ ಷೇರು ನ್ಯೂಯಾರ್ಕಿನ ನಾಸ್ಡಾಕ್ ಪೇಟೆಯಲ್ಲಿ ಬಿಕರಿಗೆ ಬಂತು. ಹೊರಬಿಟ್ಟದ್ದು ಹತ್ತನೆಯ ಒಂದು ಪಾಲು. ಉಳಿದ ತೊಂಬತ್ತು ಒಂದೇ ಮನೆಯ ಹಿಡಿತದಲ್ಲೇ ಉಳಿಯಿತು.

ಲಾಭವಾಯಿತಲ್ಲ, ಇನ್ನೇನು?

ಪ್ರತಿಪಕ್ಷದ ಮಾತನ್ನೂ ಕೇಳೋಣ, ಮುಚ್ಚಿಡುವುದು ಬೇಡ. 3,200 ಕೋಟಿ ಡಾಲರಿಗೆ ಕೊಂಡ ಕಂಪೆನಿ ನಾಸ್ಡಾಕಿಗೆ ಬಂದಾಗ 5,450 ಕೋಟಿ ಡಾಲರು ಬಾಳಿತು. 2024ರಲ್ಲಿ ಆ ಬೆಲೆ 10,000 ಕೋಟಿಯನ್ನೂ ದಾಟಿತು. ಖಾಸಗಿ ಒಡೆತನದ ವರ್ಷಗಳಲ್ಲಿ ಸಂಶೋಧನೆಗೆ ಹಣ ಹೆಚ್ಚು ಹಾಕಿದರು, ಇಂಜಿನಿಯರುಗಳನ್ನು ಸೇರಿಸಿಕೊಂಡರು. ಇದು ನಿಜ, ಒಪ್ಪುತ್ತೇವೆ. ಹಾಗಾದರೆ ಕೆಟ್ಟದ್ದೇನಾಯಿತು ಎಂದು ಕೇಳುತ್ತಾರೆ.

ಕೆಟ್ಟದ್ದು ತಕ್ಕಡಿಯ ಮುಳ್ಳು. ಕೊಟ್ಟ ಬೆಲೆ ಹಿಂದಕ್ಕೆ ಬರಬೇಕಾದರೆ ಒಡೆಯ ಎರಡೇ ದಾರಿ ಬಲ್ಲ: ಗಿರಾಕಿಯಿಂದ ಹೆಚ್ಚು ಹಿಂಡುವುದು, ಇಲ್ಲವೇ ಗಿರಾಕಿಯ ವ್ಯಾಪಾರಕ್ಕೇ ಕೈಹಾಕುವುದು. ಎರಡೂ ಆಗಿವೆ. 2021ರಲ್ಲಿ ಕ್ವಾಲ್‌ಕಾಂ, ನುವಿಯಾ ಎಂಬ ಪುಟ್ಟ ವಿನ್ಯಾಸ ಕಂಪೆನಿಯನ್ನು 140 ಕೋಟಿ ಡಾಲರಿಗೆ ಕೊಂಡಿತು. ಆ ವಿನ್ಯಾಸಗಳ ಲೈಸೆನ್ಸು ಹೊಸ ಯಜಮಾನನಿಗೆ ನಡೆಯುವುದಿಲ್ಲವೆಂದು ಆರ್ಮ್ 2022ರ ಆಗಸ್ಟಿನಲ್ಲಿ ತನ್ನ ಬಲು ದೊಡ್ಡ ಗಿರಾಕಿಯನ್ನೇ ಕೋರ್ಟಿಗೆಳೆಯಿತು. 2024ರ ಅಕ್ಟೋಬರಿನಲ್ಲಿ, ಅರವತ್ತು ದಿನಗಳಲ್ಲಿ ನಿನ್ನ ಲೈಸೆನ್ಸನ್ನೇ ರದ್ದುಮಾಡುತ್ತೇನೆಂದು ನೋಟೀಸು ಕೊಟ್ಟಿತು. ಡಿಸೆಂಬರಿನಲ್ಲಿ ಜ್ಯೂರಿಯವರು ಕ್ವಾಲ್‌ಕಾಂ ಚಿಪ್‌ಗಳಿಗೆ ಲೈಸೆನ್ಸು ಸರಿಯಾಗಿದೆಯೆಂದು ಹೇಳಿದರು. 2025ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರೂ ಕ್ವಾಲ್‌ಕಾಂ ಪರವಾಗಿಯೇ ತೀರ್ಪಿತ್ತರು.

ಕ್ವಾಲ್‌ಕಾಂ ನಮಗೆ ಮಾವನೂ ಅಲ್ಲ, ಭಾವನೂ ಅಲ್ಲ. ಅದೂ ಸಾಹುಕಾರನೇ, ಅದಕ್ಕೆ ವಕೀಲರನ್ನಿಡುವ ಶಕ್ತಿಯಿದೆ. ಆದರೆ ಆ ಶಕ್ತಿಯಿಲ್ಲದ ಸಣ್ಣ ಕಂಪೆನಿಗೆ ಇಂಥ ನೋಟೀಸು ಬಂದರೆ? ಎ.ಪಿ.ಎಂ.ಸಿ. ಯಾರ್ಡಿನಲ್ಲಿ ದೊಡ್ಡ ದಲ್ಲಾಳಿಗೇ ತಕ್ಕಡಿ ಕೊಡುವುದಿಲ್ಲವೆಂದು ಬೆದರಿಸಿದವನು ಎರಡು ಚೀಲ ತಂದ ರೈತನಿಗೆ ಎಷ್ಟು ಮರ್ಯಾದೆ ಕೊಡುತ್ತಾನೆ?

ಎರಡನೆಯ ದಾರಿಯೂ ತೆರೆದಿದೆ. 2025ರ ಜುಲೈನಲ್ಲಿ ಆರ್ಮ್ ಮುಖ್ಯಸ್ಥರು, ಲಾಭದ ಒಂದು ಭಾಗವನ್ನು ತಮ್ಮದೇ ಚಿಪ್ ಮಾಡಲು ಹೂಡುತ್ತೇವೆಂದು ತಿಳಿಸಿದರು. ಅದೇ ವರ್ಷ ಸಾಫ್ಟ್‌ಬ್ಯಾಂಕ್, ಆರ್ಮ್ ವಿನ್ಯಾಸದಿಂದಲೇ ಚಿಪ್ ಮಾಡುವ ಆಂಪಿಯರ್ ಎಂಬ ಕಂಪೆನಿಯನ್ನು 650 ಕೋಟಿ ಡಾಲರಿಗೆ ತನ್ನದಾಗಿಸಿಕೊಂಡಿತು. ನಮೂನೆ ಕೊರೆದುಕೊಡುತ್ತಿದ್ದವನು ಈಗ ತಾನೇ ಮಗ್ಗ ಹೂಡಲು ಹೊರಟಿದ್ದಾನೆ. ಯಾವ ಗಂಡಾಂತರಕ್ಕೆ ಹೆದರಿ ಎನ್‌ವಿಡಿಯಾ ಮಾರಾಟವನ್ನು ಸರ್ಕಾರಗಳು ತಡೆದವೋ, ಅದೇ ಗಂಡಾಂತರ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿದೆ. ಮಾರಾಟಕ್ಕೆ ತಡೆಯಿದೆ, ಒಡೆಯನ ಆಸೆಗೆ ತಡೆಯಿಲ್ಲ.

ನಮ್ಮ ನಾಡಿನ ಪಾಲು

ಬೆಂಗಳೂರಿನಲ್ಲಿಯೂ ಆರ್ಮ್ ಕಂಪೆನಿಯ ವಿನ್ಯಾಸ ಕಛೇರಿಯಿದೆ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ಮಂತ್ರಿಗಳು ಅಲ್ಲಿ ಹೊಸ ಕಛೇರಿಯನ್ನು ಉದ್ಘಾಟಿಸಿ, ಜಗತ್ತಿನ ಅತ್ಯಂತ ಸೂಕ್ಷ್ಮವಾದ ಚಿಪ್‌ಗಳ ವಿನ್ಯಾಸ ಇಲ್ಲಿ ನಡೆಯುವುದೆಂದು ಹೇಳಿದರು. ಸಂತೋಷ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಬೆಂಗಳೂರಿಗೆ ಬಂದಾಗ ಉಪಗ್ರಹದ ತಟ್ಟೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರಂತೆ. ಅಂದಿನಿಂದ ನಮ್ಮ ಮಕ್ಕಳು ಜಗತ್ತಿನ ಚಿಪ್‌ಗಳನ್ನು ರೂಪಿಸುತ್ತಿದ್ದಾರೆ. ನೇಕಾರನ ಮಗ, ಗಿರಣಿ ಕಾರ್ಮಿಕನ ಮಗಳು ಸರ್ಕಾರಿ ಕಾಲೇಜಿನಲ್ಲಿ ಓದಿ ಆ ಗಾಜಿನ ಕಟ್ಟಡಗಳೊಳಗೆ ಹೋಗಿದ್ದಾರೆ. ಆದರೆ ರಾತ್ರೋರಾತ್ರಿ ಕಂಪೆನಿ ಮಾರಾಟವಾದರೆ ಅವರನ್ನು ಕೇಳುವವರು ಯಾರು? ಕೆಲಸದ ನಿಯಮಗಳನ್ನು ಬರೆದು ಗೋಡೆಗೆ ಹಚ್ಚಬೇಕೆಂಬ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದಲೂ ನಮ್ಮ ರಾಜ್ಯ ಸರ್ಕಾರ ಈ ಉದ್ಯಮಕ್ಕೆ ವಿನಾಯಿತಿಯ ಮೇಲೆ ವಿನಾಯಿತಿ ಕೊಡುತ್ತ ಬಂದದ್ದು ದಾಖಲೆಯ ಮಾತು. ಗಿರಣಿಯವನಿಗೆ ಇದ್ದ ಹಕ್ಕು ಗಣಕದವನಿಗೆ ಬೇಡವಾಯಿತೇ?

ಸಣ್ಣ ವರ್ತಕರು 2018ನೆಯ ಇಸವಿಯನ್ನು ಮರೆತಿರಲಾರರು. ಆ ವರ್ಷ ಬೆಂಗಳೂರಿನ ಫ್ಲಿಪ್‌ಕಾರ್ಟಿನ ನೂರಕ್ಕೆ ಎಪ್ಪತ್ತೇಳು ಪಾಲನ್ನು ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಕೊಂಡಿತು. ದೇಶದ ವರ್ತಕ ಸಂಘಗಳು ಬೀದಿಗಿಳಿದವು. ಸ್ಪರ್ಧಾ ಆಯೋಗ ಒಪ್ಪಿಗೆ ಕೊಟ್ಟಿತು. ನಮ್ಮ 2002ರ ಸ್ಪರ್ಧಾ ಕಾಯಿದೆಯಲ್ಲಿ ಇಂಥ ಮಾರಾಟವನ್ನು ಅಳೆಯಲು ಕೊಟ್ಟ ಅಂಶಗಳ ಪಟ್ಟಿಯಲ್ಲಿ ಕೆಲಸ ಕಳೆದುಕೊಳ್ಳುವವನ ಹೆಸರಿಲ್ಲ. 2023ರ ತಿದ್ದುಪಡಿಯಿಂದ 2,000 ಕೋಟಿ ರೂಪಾಯಿ ಮೀರಿದ ವ್ಯವಹಾರಗಳು ಆಯೋಗದ ಕಣ್ಣಿಗೆ ಬೀಳುವಂತಾಗಿದೆ. ಒಳ್ಳೆಯದೇ. ಆದರೆ ಕಣ್ಣಿಗೆ ಬಿದ್ದ ಮೇಲೆ ಏನನ್ನು ನೋಡಬೇಕು?

ದಕ್ಷಿಣ ಆಫ್ರಿಕದವರು ನೋಡಿ ತೋರಿಸಿದ್ದಾರೆ. ಅಲ್ಲಿಯ 1998ರ ಕಾಯಿದೆ, ಕಂಪೆನಿಗಳ ಮಾರಾಟವನ್ನು ತೂಗುವಾಗ ಉದ್ಯೋಗವನ್ನೂ ಸಣ್ಣ ವ್ಯಾಪಾರಿಗಳ ಹಿತವನ್ನೂ ತಕ್ಕಡಿಗೆ ಹಾಕಬೇಕೆನ್ನುತ್ತದೆ. ಇದೇ ವಾಲ್‌ಮಾರ್ಟ್ ಅಲ್ಲಿ ಮಾಸ್‌ಮಾರ್ಟ್ ಎಂಬ ಅಂಗಡಿಗಳ ಸಾಲನ್ನು ಕೊಂಡಾಗ, ಕೆಲಸ ಕಳೆದುಕೊಂಡಿದ್ದ 503 ಕಾರ್ಮಿಕರನ್ನು ಮರಳಿ ತೆಗೆದುಕೊಳ್ಳಬೇಕೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಆಜ್ಞೆಮಾಡಿತು. ಅವರಿಗೆ ಸಾಧ್ಯವಾದದ್ದು ನಮಗೇಕೆ ಅಸಾಧ್ಯ?

ಅಕ್ಷರಕ್ಕೆ ಬಾಡಿಗೆಯೇ?

ದಾರಿಯಿಲ್ಲವೇ? ಇದೆ. ಚಿಪ್ಪಿಗೆ ಆಜ್ಞೆ ಕೊಡಲು ಒಂದು ಭಾಷೆ ಬೇಕು. ಆರ್ಮ್‌ನ ಭಾಷೆ ಖಾಸಗಿ ಸ್ವತ್ತು, ಅಕ್ಷರ ಬರೆದರೆ ಬಾಡಿಗೆ. ಅ ಆ ಇ ಈ ಬರೆಯಲು ನಾವು ಯಾರಿಗಾದರೂ ಬಾಡಿಗೆ ಕೊಟ್ಟಿದ್ದೇವೆಯೇ? 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ರಿಸ್ಕ್-ಫೈವ್ ಎಂಬ ಹೊಸ ಭಾಷೆಯನ್ನು ರೂಪಿಸಿ, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟರು. ಅದನ್ನು ಬಳಸಿ ಮದರಾಸಿನ ಐ.ಐ.ಟಿ.ಯವರು ಜನರ ಹಣದಿಂದ "ಶಕ್ತಿ" ಎಂಬ ಚಿಪ್ಪನ್ನು ರೂಪಿಸಿದರು. 2018ರಲ್ಲಿ ಚಂಡೀಗಡದ ಸರ್ಕಾರಿ ಕಾರ್ಖಾನೆಯಲ್ಲಿಯೇ ಅದರ ಒಂದು ಬಗೆ ತಯಾರಾಯಿತು. ಸಿ-ಡ್ಯಾಕ್ ಸಂಸ್ಥೆ "ವೇಗ" ಎಂಬುದನ್ನು ಮಾಡಿದೆ. ಎನ್‌ವಿಡಿಯಾ ಮಾರಾಟದ ಗದ್ದಲದಲ್ಲಿ ಆರ್ಮ್ ಮೇಲಿನ ನಂಬಿಕೆ ಅಲುಗಿದಾಗ ಈ ತೆರೆದ ಭಾಷೆಯ ಕಡೆ ತಿರುಗಿ ನೋಡಿದ ಕಂಪೆನಿಗಳೂ ಕಡಮೆಯಲ್ಲ.

ಇದು ಮಂತ್ರದಂಡವೆಂದು ನಾವು ಹೇಳುವುದಿಲ್ಲ. ಭಾಷೆ ಬಿಟ್ಟಿಯಾದರೂ ಕಾರ್ಖಾನೆ ಬಿಟ್ಟಿಯಲ್ಲ. ದೊಡ್ಡ ಸಾಹುಕಾರರು ಆ ಬಯಲಿಗೂ ಬೇಲಿ ಹಾಕಲು ನೋಡುತ್ತಾರೆ. ಊರಿನ ಗೋಮಾಳ ಊರಿನದಾಗಿಯೇ ಉಳಿಯಬೇಕಾದರೆ ಊರು ಎಚ್ಚರವಾಗಿರಬೇಕು. ಆದರೆ ಗೋಮಾಳವಿದೆ ಎಂದು ತಿಳಿದವನು ಜಮೀನ್ದಾರನ ಕಣ್ಸನ್ನೆಗೆ ಕಾಯುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ನಾಲ್ಕೇ. ದೊಡ್ಡ ಕಂಪೆನಿ ಮಾರಾಟವಾಗುವ ಮೊದಲು ಅಲ್ಲಿ ದುಡಿಯುವವರ ಅಭಿಪ್ರಾಯವನ್ನು ಕಾನೂನಿನಂತೆ ಕೇಳಬೇಕು. ಸ್ಪರ್ಧಾ ಕಾಯಿದೆಯಲ್ಲಿ ಉದ್ಯೋಗವನ್ನೂ ಸಣ್ಣ ವರ್ತಕರ ಹಿತವನ್ನೂ ಸೇರಿಸಬೇಕು. ಕೊಳ್ಳುವವನು ಕೊಟ್ಟ ಮಾತಿಗೆ ಐದು ವರ್ಷದ ತಾರೀಖಲ್ಲ, ಮುರಿದರೆ ದಂಡವಿರಬೇಕು. ಜನರ ಹಣದಿಂದ ಹುಟ್ಟಿದ ವಿನ್ಯಾಸ ಜನರದಾಗಿಯೇ ಉಳಿಯಬೇಕು.

ನಮ್ಮನ್ನು ಪ್ರಶ್ನೆ ಕೇಳಿದ ಸಂಗಾತಿಗೆ ಇಷ್ಟನ್ನೂ ಹೇಳಿದೆವು. ಅವರು ಕಿಸೆಯಿಂದ ಫೋನು ತೆಗೆದು ಹಿಂದೆಮುಂದೆ ತಿರುವಿ ನೋಡಿ, "ಅಂದ್ರೆ ಇದರೊಳಗೂ ಒಂದು ಗಿರಣಿ ಐತೆ ಅನ್ನಿ" ಎಂದರು. ಹೌದು, ಸಂಗಾತಿ. ಅದರೊಳಗೂ ಗಿರಣಿಯಿದೆ, ಯಜಮಾನನಿದ್ದಾನೆ, ಆಳಿದ್ದಾನೆ. ನಮ್ಮ ಗಿರಣಿಯ ಬಾಗಿಲಲ್ಲಿ ಕಲಿತ ಪಾಠ ಅಲ್ಲಿಗೂ ಸಲ್ಲುತ್ತದೆ. ಗಾಜಿನ ಕಟ್ಟಡದಲ್ಲಿ ಕುಳಿತ ನಮ್ಮ ಮಕ್ಕಳಿಗೆ ಅದನ್ನು ಹೇಳಿಕೊಡುವವರು ನಾವೇ. ಮುಂದಿನ ಭಾನುವಾರ ಮಗ ಬೆಂಗಳೂರಿನಿಂದ ಊರಿಗೆ ಬಂದಾಗ ಸಂಬಳವೆಷ್ಟೆಂದು ಮಾತ್ರ ಕೇಳಬೇಡಿ. ಸಂಘವಿದೆಯೇ ಎಂದೂ ಕೇಳಿ.